ಕಾಲು ಸೆಕೆಂಡಿನ ಲೆಕ್ಕ

ಎಂಟು ಅಂಗುಲದ ಚಕ್ ಇರುವ ಒಂದು ಲೇತ್ ನಿಮಿಷಕ್ಕೆ 600 ಸುತ್ತಿನ ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ಇದೇನೂ ಭಾರೀ ವೇಗವಲ್ಲ, ಸಣ್ಣ ಶೆಡ್ಡುಗಳಲ್ಲಿ ದಿನವೂ ಓಡುವಂಥದ್ದೇ. ಸೆಕೆಂಡಿಗೆ 10 ಸುತ್ತು. ಚಕ್ಕಿನ ಹೊರ ಅಂಚು ಒಂದು ಸುತ್ತಿಗೆ ಸುಮಾರು 64 ಸೆಂಟಿಮೀಟರ್ ಸಾಗುತ್ತದೆ, ಸೆಕೆಂಡಿಗೆ ಆರು ಮೀಟರಿಗೂ ಮಿಕ್ಕಿ. ಕಣ್ಣಿಗೆ ಕಂಡದ್ದು ಮಿದುಳಿಗೆ ಮುಟ್ಟಿ, ಮಿದುಳಿನ ಅಪ್ಪಣೆ ಕೈಗೆ ತಲುಪಿ, ಕೈ ಹಿಂದೆ ಸರಿಯಲು ಶುರು ಮಾಡುವುದಕ್ಕೆ ಎಚ್ಚರವಾಗಿರುವ ಮನುಷ್ಯನಿಗೂ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಆ ಅಂಚು ಒಂದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಅಂಗಿಯ ತೋಳು ಸಿಕ್ಕಿಕೊಂಡಿತು ಎಂದು ಗೊತ್ತಾಗುವ ಹೊತ್ತಿಗೆ ತೋಳಿನ ಬಟ್ಟೆಯೆಲ್ಲ ಸುತ್ತಿಕೊಂಡು ಮುಗಿದಿರುತ್ತದೆ. ಮುಂದಿನ ಸರದಿ ಕೈಯದು.

ದೊಡ್ಡ ಚಕ್ಕಿಗೆ ಹೆದರುವವರು ಸಣ್ಣ ರಾಡಿಗೆ ಹೆದರುವುದಿಲ್ಲ. 25 ಮಿಲಿಮೀಟರ್ ದಪ್ಪದ ನುಣುಪಾದ ರಾಡು 1,000 ಆರ್‌ಪಿಎಂನಲ್ಲಿ ತಿರುಗುವಾಗ ನಿಂತೇ ಇದೆಯೇನೋ ಎನ್ನುವಂತೆ ಕಾಣುತ್ತದೆ. ಅದೂ ಕಾಲು ಸೆಕೆಂಡಿನಲ್ಲಿ ಒಂದು ಅಡಿಗಿಂತ ಹೆಚ್ಚು ಬಟ್ಟೆಯನ್ನು ಕದಿರಿಗೆ ನೂಲು ಸುತ್ತಿದಂತೆ ಸುತ್ತಿಕೊಳ್ಳಬಲ್ಲದು. ನುಣುಪಾಗಿದೆ, ಹಿಡಿಯಲು ಮೊಳೆಯಿಲ್ಲ, ಕೊಕ್ಕೆಯಿಲ್ಲ ಎಂಬ ಧೈರ್ಯ ಸುಳ್ಳು. ಎಣ್ಣೆ ಹತ್ತಿದ ಬಟ್ಟೆಯ ಒಂದು ಸುತ್ತು ತನ್ನ ಮೇಲೆ ತಾನೇ ಬಿದ್ದರೆ ಸಾಕು, ಹಿಡಿತ ಬಿಗಿಯಾಗಿಬಿಡುತ್ತದೆ.

ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಸುರಕ್ಷತೆಯ ನಿಯಮಗಳೆಲ್ಲ ನನ್ನ ಮಟ್ಟಿಗೆ ಈ ಒಂದು ಲೆಕ್ಕದಿಂದಲೇ ಹುಟ್ಟುತ್ತವೆ. ಯಂತ್ರ ಓಡುತ್ತಿರುವಾಗ ಏನಾದರೂ ತಪ್ಪಿದರೆ ಅದನ್ನು ಸರಿಪಡಿಸುವಷ್ಟು ಸಮಯ ಮನುಷ್ಯನ ಮೈಗೆ ಇಲ್ಲ. ಆದ್ದರಿಂದ ಮಾಡಬೇಕಾದದ್ದನ್ನೆಲ್ಲ ಸ್ವಿಚ್ ಹಾಕುವ ಮೊದಲೇ ಮಾಡಿ ಮುಗಿಸಿರಬೇಕು. ‘ಹುಷಾರಾಗಿ ಕೆಲಸ ಮಾಡಪ್ಪ’ ಎಂದು ಹೇಳಿ ಹೆಲ್ಪರ್ ಹುಡುಗನನ್ನು ಯಂತ್ರದ ಮುಂದೆ ನಿಲ್ಲಿಸುವ ಮಾಲೀಕರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು ಎಂಬುದು ನನ್ನ ಕಳಕಳಿ.

ಕಾರ್ಖಾನೆಯೊಳಗೆ ಕಾಲಿಡದ ಓದುಗರಿಗೆ ಒಂದು ಮಾತು. ಲೇತ್‌ನಲ್ಲಿ ಕೆತ್ತಿಸಿಕೊಳ್ಳುವ ಲೋಹ, ಅಂದರೆ ಜಾಬ್, ಅದನ್ನು ಬಿಗಿಹಿಡಿಯುವ ಚಕ್ಕಿನೊಡನೆ ತಿರುಗುತ್ತದೆ. ಕೆತ್ತುವ ಟೂಲ್ ಬಿಗಿಯಾಗಿ ಕೂತಿರುತ್ತದೆ. ಮಿಲ್ಲಿಂಗ್‌ನಲ್ಲಿ ಇದು ತಿರುವುಮುರುವು. ಹಲವು ಹಲ್ಲುಗಳ ಕಟರ್ ತಿರುಗುತ್ತದೆ, ಜಾಬ್ ಮೇಜಿನ ಮೇಲೆ ವೈಸಿನಲ್ಲಿ ಕೂತು ನಿಧಾನಕ್ಕೆ ಅದರತ್ತ ಸರಿಯುತ್ತದೆ. ಕೊಳವೆಬಾವಿಯ ಪಂಪಿನ ಶಾಫ್ಟ್‌ನಿಂದ ಹಿಡಿದು ಬೈಕಿನ ಗೇರಿನವರೆಗೆ ಗುಂಡಗಿರುವುದು, ಚಪ್ಪಟೆಯಾಗಿರುವುದು, ಹಲ್ಲು ಇರುವುದು ಎಲ್ಲವೂ ಒಂದಲ್ಲ ಒಂದು ಹಂತದಲ್ಲಿ ಈ ಎರಡು ಯಂತ್ರಗಳನ್ನು ದಾಟಿ ಬಂದವೇ. ಕರ್ನಾಟಕಕ್ಕೆ ಈ ಯಂತ್ರಗಳ ನಂಟು ಹಳೆಯದು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. ಅಲ್ಲಿ ತಯಾರಾದ ಲೇತ್‌ಗಳು ಕೈಯಿಂದ ಕೈಗೆ ಮಾರಾಟವಾಗುತ್ತ ಪೀಣ್ಯದ ಅಡ್ಡರಸ್ತೆಗಳಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ತಾಲ್ಲೂಕು ಕೇಂದ್ರಗಳ ವೆಲ್ಡಿಂಗ್ ಅಂಗಡಿಗಳ ಪಕ್ಕದಲ್ಲಿ ಇವತ್ತಿಗೂ ಓಡುತ್ತಿವೆ. ಆ ಯಂತ್ರಗಳ ಗಟ್ಟಿತನದ ಬಗ್ಗೆ ನನಗೆ ಅಪಾರ ಗೌರವ. ಆದರೆ ಐವತ್ತು ವರ್ಷ ಬಾಳಿದ ಬೆಡ್ಡು, ಹೆಡ್‌ಸ್ಟಾಕುಗಳ ಜೊತೆ ಗೇರಿನ ಮುಚ್ಚಳ, ಬೆಲ್ಟಿನ ಗಾರ್ಡು ಬಾಳಿರುವುದಿಲ್ಲ. ಒಮ್ಮೆ ರಿಪೇರಿಗೆಂದು ಬಿಚ್ಚಿ ಮೂಲೆಗಿಟ್ಟದ್ದು ಮುಂದಿನ ಮಾಲೀಕನ ಶೆಡ್ಡಿಗೆ ಬರುವುದೇ ಇಲ್ಲ.

ಮೊದಲು ಮೈಮೇಲಿನ ಸಂಗತಿ. ತುಂಬುತೋಳಿನ ಅಂಗಿಯಾದರೆ ಮೊಣಕೈ ಮೇಲಕ್ಕೆ ಬಿಗಿಯಾಗಿ ಮಡಚಬೇಕು. ಅರ್ಧ ತೋಳಿನದೇ ಆದರೆ ಇನ್ನೂ ಒಳ್ಳೆಯದು. ಅಂಗಿ ಪ್ಯಾಂಟಿನ ಒಳಗಿರಬೇಕು. ಉಂಗುರ, ಕೈಗಡಿಯಾರ, ಬ್ರೇಸ್‌ಲೆಟ್ ತೆಗೆದಿಡಬೇಕು. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಪುಸ್ತಕಗಳು ಹೇಳದ್ದು ನಮ್ಮ ಶೆಡ್ಡುಗಳಲ್ಲಿ ಕಾಣುತ್ತದೆ. ಮುಂಗೈಗೆ ಕಟ್ಟಿದ ದೇವಸ್ಥಾನದ ಕೆಂಪು ದಾರ, ಕೊರಳಿನ ಕಾಶೀದಾರ, ಕಾರ್ತಿಕದಿಂದ ಮಕರ ಸಂಕ್ರಾಂತಿಯವರೆಗೆ ಕೊರಳಲ್ಲಿ ತೂಗುವ ಅಯ್ಯಪ್ಪ ಮಾಲೆ, ಚಳಿಗೆ ಹೊದ್ದ ಶಾಲು, ಗುರುತಿನ ಚೀಟಿಯ ಟೇಪು, ಮೊಬೈಲಿನ ಇಯರ್‌ಫೋನ್ ವಯರು. ಹೆಣ್ಣುಮಕ್ಕಳು ಈಗ ಐಟಿಐಗಳಲ್ಲಿ ಟರ್ನರ್, ಮಷಿನಿಸ್ಟ್ ಟ್ರೇಡುಗಳಿಗೆ ಬರುತ್ತಿದ್ದಾರೆ, ಬರಬೇಕಾದದ್ದೇ. ಅವರ ಜಡೆ ಟೋಪಿಯೊಳಗೆ ಸೇರಬೇಕು, ದುಪಟ್ಟಾ ಲಾಕರಿಗೆ ಹೋಗಬೇಕು. ದಾರವನ್ನು ಬಿಚ್ಚು ಎನ್ನುವುದು ಮಾಲೀಕನಿಗೆ ಮುಜುಗರದ ಮಾತು ಎಂದು ನನಗೆ ಗೊತ್ತು. ನಂಬಿಕೆಯ ವಿಷಯ. ಹಾಗಾಗಿ ಅದನ್ನು ಗದರಿಸಿ ಹೇಳಬಾರದು. ವ್ರತದ ತಿಂಗಳಲ್ಲಿ ಆ ಹುಡುಗನಿಗೆ ಇನ್‌ಸ್ಪೆಕ್ಷನ್ ಮೇಜಿನ ಕೆಲಸ ಕೊಟ್ಟರೆ ಮಾಲೆಯೂ ಉಳಿಯುತ್ತದೆ, ಕೊರಳೂ ಉಳಿಯುತ್ತದೆ. ಹೊಂದಿಕೊಳ್ಳಲು ಒಂದಷ್ಟು ಮನಸ್ಸು ಬೇಕು, ಅಷ್ಟೇ.

ಆಯುಧಪೂಜೆಯ ಮರುದಿನದ್ದೂ ಇದೇ ಕಥೆ. ಯಂತ್ರಕ್ಕೆ ಹಾಕಿದ ಹೂವಿನ ಹಾರ, ಕಟ್ಟಿದ ಬಾಳೆಕಂದು, ಅರಿಶಿನದ ದಾರ ಎಲ್ಲವನ್ನೂ ಪೂರ್ತಿ ತೆಗೆದು, ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ ಆಮೇಲೆ ಸ್ವಿಚ್ ಮುಟ್ಟಬೇಕು.

ಕೂದಲಿನ ವಿಷಯಕ್ಕೆ ಬಂದರೆ, ಇದು ಸಣ್ಣ ಊರಿನ ಶೆಡ್ಡುಗಳ ಸಮಸ್ಯೆ ಮಾತ್ರ ಎಂದು ಯಾರೂ ತಿಳಿಯಬಾರದು. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರ ವರ್ಕ್‌ಶಾಪಿನಲ್ಲಿ ರಾತ್ರಿ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಕೂದಲು ಲೇತ್‌ಗೆ ಸಿಕ್ಕಿ ಆಕೆ ತೀರಿಕೊಂಡಳು. ಭೌತಶಾಸ್ತ್ರ ಓದುತ್ತಿದ್ದ, ಪದವಿಯ ಹೊಸ್ತಿಲಲ್ಲಿದ್ದ ಹುಡುಗಿ. ತಿರುಗುವ ವಸ್ತುವಿನ ಶಕ್ತಿ ಎಷ್ಟೆಂದು ಸೂತ್ರ ಹಾಕಿ ಹೇಳಬಲ್ಲವಳು. ಜಗತ್ತಿನ ಹೆಸರಾಂತ ವಿದ್ಯಾಲಯಗಳಲ್ಲೊಂದು. ಲೇತ್ ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ರಾತ್ರಿ ಹೊತ್ತಿನಲ್ಲಿ ಒಬ್ಬರನ್ನೇ ಯಂತ್ರದ ಮುಂದೆ ಬಿಡಬಾರದು ಎಂಬ ನಿಯಮದ ಬೆಲೆ ಏನೆಂದು ಕೇಳುವವರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ. ಮೇನ್ ಸ್ವಿಚ್ ಆರಿಸಲು ಇನ್ನೊಂದು ಕೈ ಅಲ್ಲಿರಬೇಕು.

ಗ್ಲೌಸ್ ಬಗ್ಗೆ ಸಾಕಷ್ಟು ಗೊಂದಲವಿದೆ. ವೆಲ್ಡಿಂಗ್‌ನಲ್ಲಿ, ಎರಕದ ಕೆಲಸದಲ್ಲಿ ಗ್ಲೌಸ್ ಕೈ ಕಾಯುತ್ತದೆ. ಅದನ್ನೇ ಹಾಕಿಕೊಂಡು ಲೇತ್‌ನ ಮುಂದೆ ನಿಂತರೆ ಅದೇ ಕೈಯನ್ನು ಒಳಗೆಳೆದು ಕೊಡುತ್ತದೆ. ಬರಿಗೈಯ ಬೆರಳು ತಿರುಗುವ ಜಾಬಿಗೆ ತಾಗಿದರೆ ಚರ್ಮ ಸುಲಿಯಬಹುದು, ಗಾಯವಾಗಬಹುದು. ಬೆರಳು ಜಾರಿ ಹೊರಬರುವ ಸಾಧ್ಯತೆಯಾದರೂ ಇದೆ. ಗ್ಲೌಸಿನ ದಾರ ಸಿಕ್ಕಿಕೊಂಡರೆ ಗ್ಲೌಸೂ ಬಿಡುವುದಿಲ್ಲ, ಜಾಬೂ ಬಿಡುವುದಿಲ್ಲ. ಹೊಸದಾಗಿ ಸುರಕ್ಷತೆಯ ಅಭಿಯಾನ ಶುರು ಮಾಡಿದ ಉತ್ಸಾಹದಲ್ಲಿ ಎಲ್ಲರಿಗೂ ಗ್ಲೌಸ್ ಹಂಚಿದ ಕಡೆಗಳನ್ನು ನಾನು ನೋಡಿದ್ದೇನೆ, ಒಳ್ಳೆಯ ಮನಸ್ಸಿನಿಂದಲೇ ಹಂಚಿದ್ದು. ಗ್ಲೌಸಿಗೆ ಇಲ್ಲಿ ಜಾಗವಿರುವುದು ಯಂತ್ರ ಪೂರ್ತಿ ನಿಂತ ಮೇಲೆ. ಕೆತ್ತಿದ ಲೋಹದ ಚೂರುಗಳನ್ನು, ಅಂದರೆ ಚಿಪ್ಸ್, ಬಾಚುವಾಗ, ಹರಿತವಾದ ಕಟರನ್ನು ಬಿಚ್ಚಿ ತೊಡಿಸುವಾಗ. ಕೈ ಒರೆಸುವ ಕಾಟನ್ ವೇಸ್ಟ್‌ಗೂ ಇದೇ ಮಾತು. ತಿರುಗುವ ಜಾಬಿನ ಮೇಲೆ ಎಣ್ಣೆ ಒರೆಸಲು ಅದನ್ನು ಹಿಡಿದರೆ, ನೂಲಿನ ಆ ಉಂಡೆಯ ಒಂದೇ ಎಳೆ ಸಾಕು.

ಇನ್ನು ಚಕ್ ಕೀ. ಚಕ್ಕನ್ನು ಬಿಗಿ ಮಾಡುವ ಟಿ ಆಕಾರದ ಈ ಕೀಲಿಯನ್ನು ಅದರ ಗುಳಿಯಲ್ಲೇ ಮರೆತು ಸ್ವಿಚ್ ಹಾಕಿದರೆ, ಅದು ಆಪರೇಟರನ ಎದೆಗೋ ಮುಖಕ್ಕೋ ಎದುರಿನ ಯಂತ್ರದವನಿಗೋ ಬಂದು ಬಡಿಯುತ್ತದೆ. ಇದಕ್ಕೆ ಹಳೆಯ ಮೇಸ್ತ್ರಿಗಳು ಕಲಿಸುತ್ತಿದ್ದ ಅಭ್ಯಾಸ ಒಂದೇ ಒಂದು: ಕೀ ಚಕ್ಕಿನಲ್ಲಿರುವಷ್ಟು ಹೊತ್ತು ಕೈ ಕೀ ಮೇಲಿರಬೇಕು. ಸ್ಪ್ಯಾನರ್ ಬೇಕೆಂದು ತಿರುಗಿದರೂ, ಯಾರೋ ಕರೆದರೂ, ಫೋನ್ ಬಂದರೂ ಮೊದಲು ಕೀ ಹೊರಗೆ, ಆಮೇಲೆ ಬೇರೆ ಮಾತು. ಹಿಡಿದಿಟ್ಟರೆ ಮಾತ್ರ ಗುಳಿಯಲ್ಲಿ ನಿಲ್ಲುವ, ಬಿಟ್ಟ ತಕ್ಷಣ ತಾನೇ ಹೊರಗೆ ಚಿಮ್ಮುವ ಸ್ಪ್ರಿಂಗ್ ಇರುವ ಕೀಗಳು ಸಿಗುತ್ತವೆ. ಮರೆವನ್ನು ಬೈದು ತಿದ್ದುವುದಕ್ಕಿಂತ ಒಂದು ಸ್ಪ್ರಿಂಗ್ ಕೊಂಡು ತರುವುದು ನೂರು ಪಾಲು ಮೇಲು.

ಉದ್ದ ರಾಡಿನ ಅಪಾಯ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅದು ನಡೆಯುವುದು ಆಪರೇಟರನ ಎಡಗಡೆ, ಹೆಡ್‌ಸ್ಟಾಕಿನ ಆಚೆ. ಚಕ್ಕನ್ನು ತಿರುಗಿಸುವ ಸ್ಪಿಂಡಲಿನ ತೂತಿನೊಳಗೆ ತೂರಿಸಿದ ರಾಡು ಹಿಂದಕ್ಕೆ ಎರಡು, ಮೂರು ಅಡಿ ಚಾಚಿಕೊಂಡಿದ್ದರೆ ನಿಧಾನ ವೇಗದಲ್ಲಿ ನೆಟ್ಟಗೆ ತಿರುಗುತ್ತಿರುತ್ತದೆ. ವೇಗ ಏರಿಸಿದಾಗ ಒಂದು ಹಂತದಲ್ಲಿ ಅದರ ತುದಿ ತುಸು ಓಲಾಡುತ್ತದೆ, ಓಲಾಟ ಬಾಗುವಿಕೆಗೆ ತಿರುಗುತ್ತದೆ, ಮರುಕ್ಷಣದಲ್ಲಿ ರಾಡು ಲಂಬಕೋನಕ್ಕೆ ಬಾಗಿ ಸುತ್ತಲಿನ ಎಲ್ಲವನ್ನೂ ಬಡಿಯತೊಡಗುತ್ತದೆ. ಓಲಾಟಕ್ಕೂ ಬಡಿತಕ್ಕೂ ನಡುವೆ ಓಡಿಹೋಗಲು ಸಮಯ ಇರುವುದಿಲ್ಲ. ರಾಡನ್ನು ಮೊದಲೇ ಬೇಕಾದಷ್ಟಕ್ಕೆ ಕತ್ತರಿಸಿಕೊಳ್ಳಬೇಕು, ಇಲ್ಲವೇ ಹಿಂದಿನ ಭಾಗಕ್ಕೆ ಕೊಳವೆಯ ಆಸರೆ ಕೊಡಬೇಕು. ಕೆಂಪು ಬಟ್ಟೆ ಕಟ್ಟಿ ಬಿಟ್ಟರೆ ಸಾಲದು.

ಚಿಪ್ಸ್, ಎಮರಿ ಪೇಪರ್ ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತೇನೆ. ಮೆತ್ತನೆಯ ಉಕ್ಕು ಕೆತ್ತುವಾಗ ಬರುವ ಉದ್ದನೆಯ ನೀಲಿ ಸುರುಳಿ ಬಿಸಿಯಾಗಿರುತ್ತದೆ, ಎರಡೂ ಅಂಚು ಹರಿತವಾಗಿರುತ್ತದೆ, ಮತ್ತು ಚಕ್ಕಿಗೆ ಸಿಕ್ಕಿದರೆ ತಾನೇ ಸುತ್ತಿಕೊಂಡು ಬೀಸತೊಡಗುತ್ತದೆ. ಕೈಯಿಂದ ಎಳೆಯುವುದಂತೂ ಕೂಡದು. ಯಂತ್ರ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಬೇಕು. ಇನ್ನೂ ಒಳ್ಳೆಯದೆಂದರೆ ಅಂಥ ಸುರುಳಿಯೇ ಬರದಂತೆ ಚಿಪ್ ಬ್ರೇಕರ್ ಇರುವ ಟೂಲ್ ಹಾಕಿ, ಫೀಡ್ ಸರಿಮಾಡಿಕೊಳ್ಳುವುದು. ಕಂಪ್ರೆಸರ್ ಗಾಳಿಯಿಂದ ಚಿಪ್ಸ್ ಊದುವ ಚಾಳಿ ಪಕ್ಕದವನ ಕಣ್ಣಿಗೆ ಕುತ್ತು. ಎಮರಿ ಪೇಪರಿನ ಪಟ್ಟಿಯನ್ನು ತಿರುಗುವ ಶಾಫ್ಟಿನ ಸುತ್ತ ಸುತ್ತಿ ಎರಡೂ ತುದಿ ಬೆರಳಿಗೆ ಸಿಕ್ಕಿಸಿ ಎಳೆಯುವುದನ್ನು ದಿನವೂ ನೋಡುತ್ತೇವೆ. ಹೊಳಪು ಚೆನ್ನಾಗಿ ಬರುತ್ತದೆ, ನಿಜ. ಪೇಪರು ಒಂದರ ಮೇಲೊಂದು ಬಿದ್ದು ಕಚ್ಚಿಕೊಂಡ ದಿನ ಬೆರಳೂ ಜೊತೆಗೆ ಹೋಗುತ್ತದೆ. ಮರದ ಪಟ್ಟಿಗೆ ಎಮರಿ ಅಂಟಿಸಿ ಉಜ್ಜಿದರೆ ಕೆಲಸವೂ ಆಗುತ್ತದೆ, ಬೆರಳು ದೂರವೂ ಇರುತ್ತದೆ.

ಕರೆಂಟಿನ ಕಡೆ ಗಮನ ಹರಿಸುವವರು ಕಡಿಮೆ. ನಮ್ಮ ಊರುಗಳಲ್ಲಿ ಕರೆಂಟು ಹೋಗುವುದು, ಬರುವುದು ಇದ್ದದ್ದೇ. ಲೇತ್ ಓಡುತ್ತಿರುವಾಗ ಕರೆಂಟು ಹೋಯಿತು ಎನ್ನಿ. ಆಪರೇಟರ್ ಇದೇ ಸಮಯ ಎಂದು ಚಕ್ಕಿಗೆ ಕೈ ಹಾಕುತ್ತಾನೆ, ಜಾಬ್ ಅಳೆಯುತ್ತಾನೆ, ಇಲ್ಲವೇ ಚಹಾ ಕುಡಿಯಲು ಹೋಗುತ್ತಾನೆ. ಸರಿಯಾದ ಸ್ಟಾರ್ಟರ್ ಇದ್ದರೆ ಕರೆಂಟು ಹೋದ ಕ್ಷಣ ಅದರೊಳಗಿನ ಕಾಯಿಲ್ ಹಿಡಿತ ಬಿಡುತ್ತದೆ. ಕರೆಂಟು ಬಂದರೂ ಹಸಿರು ಬಟನ್ ಒತ್ತುವ ತನಕ ಯಂತ್ರ ಹೊರಡುವುದಿಲ್ಲ. ಆದರೆ ಎಷ್ಟೋ ಹಳೆಯ ಲೇತ್‌ಗಳಿಗೆ ಹಿಂದೆ ಮುಂದೆ ತಿರುಗಿಸುವ ಡ್ರಮ್ ಸ್ವಿಚ್ಚನ್ನೇ ನೇರ ಜೋಡಿಸಿರುತ್ತಾರೆ. ಹಿಡಿ ಎಲ್ಲಿತ್ತೋ ಅಲ್ಲೇ ಇರುತ್ತದೆ, ಕರೆಂಟು ಬಂದ ಕೂಡಲೇ ಚಕ್ ತಾನೇ ತಿರುಗುತ್ತದೆ. ಒಂದು ಒಳ್ಳೆಯ ಸ್ಟಾರ್ಟರ್ ಹಾಕಿಸುವ ಖರ್ಚು ಯಾವ ಶೆಡ್ಡಿಗೂ ಭಾರವಲ್ಲ. ಇನ್ನೊಂದು: ಲೈನಿನ ರಿಪೇರಿಯಾದ ಮೇಲೆ ಎರಡು ಫೇಸುಗಳು ಅದಲು ಬದಲಾದರೆ ಮೋಟರು ಉಲ್ಟಾ ತಿರುಗುತ್ತದೆ. ತಿರುಪಿನಿಂದ ಕೂರುವ ಹಳೆಯ ಮಾದರಿಯ ಚಕ್ ಆಗ ಸ್ಪಿಂಡಲಿನಿಂದ ಬಿಚ್ಚಿಕೊಂಡು ಉರುಳಿಬೀಳಬಹುದು. ಲೈನಿನವರು ಬಂದುಹೋದ ದಿನ ಚಕ್ಕಿನಲ್ಲಿ ಜಾಬಿಲ್ಲದೆ, ಕಡಿಮೆ ವೇಗದಲ್ಲಿ, ಪಕ್ಕಕ್ಕೆ ನಿಂತು ಒಮ್ಮೆ ತಟ್ಟನೆ ಓಡಿಸಿ ನಿಲ್ಲಿಸಿ ದಿಕ್ಕು ನೋಡಿಕೊಳ್ಳಬೇಕು.

ಮಿಲ್ಲಿಂಗ್‌ನ ಸ್ವಭಾವ ಬೇರೆ. ಲೇತ್ ಸುತ್ತಿಕೊಳ್ಳುತ್ತದೆ, ಮಿಲ್ಲಿಂಗ್ ಕಟರ್ ಕಚ್ಚಿ ಎಳೆಯುತ್ತದೆ. ಕಟರಿನ ಹಲ್ಲು ಮತ್ತು ಮೇಜಿನ ಚಲನೆ ಎದುರುಬದುರಾಗಿದ್ದರೆ ಕಟರ್ ಜಾಬನ್ನು ದೂಡುತ್ತದೆ. ಸಾಂಪ್ರದಾಯಿಕವಾಗಿ ಕಲಿಸುವುದು ಇದನ್ನೇ. ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಹಲ್ಲು ಜಾಬನ್ನು ತನ್ನ ಕೆಳಗೆ ಎಳೆದುಕೊಳ್ಳುತ್ತದೆ. ಇದರಿಂದ ಮೇಲ್ಮೈ ನುಣುಪಾಗುತ್ತದೆ, ಕಂಪ್ಯೂಟರ್ ನಡೆಸುವ ಹೊಸ ಸಿಎನ್‌ಸಿ ಯಂತ್ರಗಳಲ್ಲಿ ಹೀಗೆಯೇ ಮಾಡುತ್ತಾರೆ. ಆದರೆ ಸ್ಕ್ರೂ ಸವೆದು ಮೇಜಿಗೆ ಆಟ ಬಂದಿರುವ ಹಳೆಯ ಯಂತ್ರದಲ್ಲಿ ಇದನ್ನು ಮಾಡಹೊರಟರೆ, ಸಡಿಲವಿದ್ದಷ್ಟು ದೂರ ಮೇಜು ದಿಢೀರನೆ ಮುಂದಕ್ಕೆ ನುಗ್ಗುತ್ತದೆ. ಕಟರ್ ಮುರಿದು ಚೂರು ಸಿಡಿಯುತ್ತದೆ, ಇಲ್ಲವೇ ಜಾಬ್ ವೈಸಿನಿಂದ ಕಿತ್ತು ಹಾರುತ್ತದೆ. ಯೂಟ್ಯೂಬಿನಲ್ಲಿ ನೋಡಿದ್ದನ್ನು ಅಜ್ಜನ ಕಾಲದ ಯಂತ್ರದ ಮೇಲೆ ಪ್ರಯೋಗಿಸುವ ಹುಡುಗರಿಗೆ ಈ ವ್ಯತ್ಯಾಸವನ್ನು ಕೂರಿಸಿಕೊಂಡು ತಿಳಿಸಬೇಕು. ಇನ್ನು ಕಟರ್ ತಿರುಗುತ್ತಿರುವಾಗಲೇ ಬ್ರಷ್ಷಿನಿಂದ ಚಿಪ್ಸ್ ಗುಡಿಸುವುದು, ವರ್ನಿಯರ್ ಹಿಡಿದು ಅಳೆಯುವುದು. ಬ್ರಷ್ಷಿನ ಕೂದಲನ್ನು ಕಚ್ಚಿದ ಹಲ್ಲು ಹಿಡಿಯನ್ನೂ, ಹಿಡಿ ಹಿಡಿದ ಕೈಯನ್ನೂ ಎಳೆಯುತ್ತದೆ. ಅಳೆಯಬೇಕೆಂದರೆ ಸ್ಪಿಂಡಲ್ ನಿಲ್ಲಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಸಿಎನ್‌ಸಿ ಬಂದ ಮೇಲೆ ಇದೆಲ್ಲ ಮುಗಿಯಿತು, ಬಾಗಿಲು ಮುಚ್ಚಿದರೆ ಆಯಿತು ಎನ್ನುವವರಿಗೆ ಬಾಗಿಲಿನ ಇಂಟರ್‌ಲಾಕ್ ತೋರಿಸಬೇಕು. ಬಾಗಿಲು ತೆರೆದಿದ್ದರೆ ಸ್ಪಿಂಡಲ್ ತಿರುಗದಂತೆ ತಡೆಯುವ ಆ ಸಣ್ಣ ಸ್ವಿಚ್ಚಿಗೆ ಬೇರೊಂದು ಕೀ ಸಿಕ್ಕಿಸಿ ಮೋಸ ಮಾಡುವುದು ಕಷ್ಟದ ಕೆಲಸವಲ್ಲ. ಸೆಟ್ಟಿಂಗ್ ಬೇಗ ಆಗಲಿ ಎಂದು ಸಿಕ್ಕಿಸಿದ್ದು ಅಲ್ಲೇ ಉಳಿಯುತ್ತದೆ. ಈ ಯಂತ್ರಗಳ ವೇಗವೂ ಹೆಚ್ಚು, ವೇಗ ಎರಡು ಪಟ್ಟಾದರೆ ಸಿಡಿದ ಚೂರಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಮೇಲಾಗಿ ವೇಗ ಏರಿದಷ್ಟೂ ಚಕ್ಕಿನ ದವಡೆಗಳು ಹೊರಕ್ಕೆ ಎಳೆಯಲ್ಪಟ್ಟು ಜಾಬಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ಬಾಗಿಲಿನ ಪಾರದರ್ಶಕ ಹಲಗೆ ಕೂಲೆಂಟಿನಲ್ಲಿ ನೆನೆನೆನೆದು ವರ್ಷಗಳಲ್ಲಿ ಗಟ್ಟಿತನ ಕಳೆದುಕೊಳ್ಳುತ್ತದೆ ಎಂಬುದೂ ಗೊತ್ತಿರಲಿ. ಮಂಕಾದ, ಬಿರುಕು ಬಿಟ್ಟ ಹಲಗೆಯನ್ನು ಬದಲಾಯಿಸಬೇಕು.

ಇಷ್ಟೆಲ್ಲ ಆಪರೇಟರಿಗೆ ಗೊತ್ತಿಲ್ಲವೇ? ಬಹುಪಾಲು ಗೊತ್ತು. ಮತ್ತೇಕೆ ಹೀಗಾಗುತ್ತದೆ ಎಂದರೆ, ಪೀಸಿಗೆ ಇಷ್ಟು ಎಂದು ಕೂಲಿ ಕಟ್ಟಿದ ಕಡೆ ಗಾರ್ಡು ಇಳಿಸಿ ಏರಿಸುವ ಪ್ರತಿ ಸೆಕೆಂಡೂ ಅವನ ಜೇಬಿನಿಂದ ಹೋಗುತ್ತದೆ. ಸ್ಪಿಂಡಲ್ ನಿಲ್ಲುವ ತನಕ ಕಾಯದೆ ಅಳೆದರೆ ಒಂದು ಶಿಫ್ಟಿಗೆ ನಾಲ್ಕೈದು ಪೀಸು ಹೆಚ್ಚು ಬರುತ್ತದೆ. ಆ ಅವಸರವನ್ನು ಅವನಿಗೆ ಕಟ್ಟಿಕೊಟ್ಟವರು ಯಾರು? ಅಪಘಾತವಾದ ಮೇಲೆ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆದು ಫೈಲು ಮುಚ್ಚುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. 1948ರ ಕಾರ್ಖಾನೆಗಳ ಕಾಯ್ದೆ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿ ಮಾತಾಡಿತ್ತು. ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಬೇಕು, ಯಂತ್ರ ಓಡುತ್ತಿರುವಷ್ಟು ಹೊತ್ತೂ ಅದು ಜಾಗದಲ್ಲೇ ಇರಬೇಕು ಎಂದು 21ನೇ ಕಲಮಿನಲ್ಲಿ ಹೇಳಿತು. ಚಲಿಸುವ ಯಂತ್ರವನ್ನು ಪರೀಕ್ಷಿಸುವ, ಎಣ್ಣೆ ಹಾಕುವ ಅನಿವಾರ್ಯ ಬಂದರೆ ವಿಶೇಷ ತರಬೇತಿ ಪಡೆದವನೇ ಮೈಗಂಟುವ ಬಟ್ಟೆ ತೊಟ್ಟು ಮಾಡಬೇಕು, ಆ ಬಟ್ಟೆಯನ್ನು ಮಾಲೀಕನೇ ಕೊಡಬೇಕು ಎಂದು 22ನೇ ಕಲಮಿನಲ್ಲಿ ಬರೆಯಿತು. ತಡೆ ಹಾಕುವ ಹೊಣೆಯನ್ನೂ ಬಟ್ಟೆ ಕೊಡುವ ಹೊಣೆಯನ್ನೂ ಕಾಯ್ದೆ ಕಾರ್ಖಾನೆ ನಡೆಸುವವನ ಹೆಗಲಿಗೇ ಹೊರಿಸಿತ್ತು. ಆದರೆ ಆ ಕಾಯ್ದೆಯನ್ನು ರೂಪಿಸಿದ್ದು ಕರೆಂಟು ಬಳಸುವ, 10 ಅಥವಾ ಹೆಚ್ಚು ಜನ ದುಡಿಯುವ ಜಾಗಗಳಿಗೆ. ಎರಡು ಲೇತ್, ಒಂದು ಮಿಲ್ಲಿಂಗ್, ನಾಲ್ಕು ಜನ ಇರುವ ಶೆಡ್ಡಿಗೆ ಇನ್‌ಸ್ಪೆಕ್ಟರ್ ಬರುವುದಿಲ್ಲ. ಅಲ್ಲಿ ಕಾಯ್ದೆಯ ಜಾಗದಲ್ಲಿ ಮಾಲೀಕನ ಮನಸ್ಸೇ ಇರಬೇಕು. ಅಂಥ ಮಾಲೀಕರಲ್ಲಿ ಬಹಳ ಮಂದಿ ಒಂದು ಕಾಲಕ್ಕೆ ತಾವೇ ಟರ್ನರ್ ಆಗಿದ್ದವರು, ಸಾಲ ಮಾಡಿ ಯಂತ್ರ ಕೊಂಡವರು. ಅವರಿಗೆ ಈ ಮಾತು ಅರ್ಥವಾಗದ್ದೇನಲ್ಲ. ಅವರಿಗೆ ಕೆಲಸ ಕೊಡುವ ದೊಡ್ಡ ಕಂಪನಿಗಳು ಪೀಸಿನ ದರ ಕಟ್ಟುವಾಗ ಸ್ಪಿಂಡಲ್ ನಿಲ್ಲುವ ಸಮಯವನ್ನೂ ಸೇರಿಸಿ ಲೆಕ್ಕ ಹಾಕಲಿ.

ಎಲ್ಲ ಮಾಡಿದ ಮೇಲೂ ಅವಘಡ ನಡೆಯಬಹುದು. ಆಗ ಮೊದಲ ಕೆಲಸ ಮೇನ್ ಸ್ವಿಚ್ ಆರಿಸುವುದು. ಸಿಕ್ಕಿಕೊಂಡವರನ್ನು ಬಿಡಿಸಲು ಯಂತ್ರವನ್ನು ಉಲ್ಟಾ ಓಡಿಸಬಾರದು. ಕಣ್ಣಿಗೆ ಚೂರು ಹೊಕ್ಕಿದ್ದರೆ ಉಜ್ಜಬಾರದು, ಪಕ್ಕದವನ ಕರ್ಚೀಫಿನ ತುದಿಯಿಂದ ತೆಗೆಸಿಕೊಳ್ಳಲೂಬಾರದು. ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಬೆರಳು ತುಂಡಾಗಿದ್ದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಬೇಕು. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಬೇಕು. ಬೆರಳು ನೇರವಾಗಿ ಐಸಿಗೆ ತಾಗಿದರೆ ಅದರ ಜೀವಕೋಶಗಳು ಸಾಯುತ್ತವೆ. ಹೊತ್ತು ಕಳೆದಷ್ಟೂ ಮರುಜೋಡಣೆಯ ಅವಕಾಶ ಕಡಿಮೆಯಾಗುತ್ತದೆ, ಎಲ್ಲ ಆಸ್ಪತ್ರೆಗಳಲ್ಲೂ ಈ ಶಸ್ತ್ರಚಿಕಿತ್ಸೆ ಮಾಡುವವರು ಇರುವುದಿಲ್ಲ. ಹಾಗಾಗಿ ನಿಮ್ಮ ಊರಿನಲ್ಲಿ, ಇಲ್ಲವೇ ಹತ್ತಿರದ ಜಿಲ್ಲಾ ಕೇಂದ್ರದಲ್ಲಿ ಕೈಯ ಮೈಕ್ರೋ ಸರ್ಜರಿ ಮಾಡುವ ಪ್ಲಾಸ್ಟಿಕ್ ಸರ್ಜನ್ ಯಾವ ಆಸ್ಪತ್ರೆಯಲ್ಲಿದ್ದಾರೆ, ರಾತ್ರಿ ಸಿಗುತ್ತಾರೆಯೇ, ಇಎಸ್‌ಐ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಈ ವಾರವೇ ಫೋನ್ ಮಾಡಿ ವಿಚಾರಿಸಿ, ಆ ನಂಬರನ್ನು ಮೇನ್ ಸ್ವಿಚ್ಚಿನ ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಡಿ.